ಮೇಯರ್ ಒಬ್ಬನೇ ಆಡುವ ಆಟ ಅಲ್ಲ ಇದು

1989ರಲ್ಲಿ ಸಿಮ್‌ಸಿಟಿ ಗೇಮ್ ಬಂತಲ್ಲ, ಅದರಲ್ಲಿ ಆಡೋನೇ ಮೇಯರ್. ರಸ್ತೆ, ಕರೆಂಟು, ತೆರಿಗೆ ಎಲ್ಲ ಅವನದೇ ತೀರ್ಮಾನ. ಊರಿನವರನ್ನು ಕೇಳೋ ಮಾತೇ ಇಲ್ಲ. ನಿಜವಾದ ಊರುಗಳೂ ಹೆಚ್ಚುಕಡಿಮೆ ಹೀಗೇ ಬೆಳೆದಿವೆ ಅನ್ನಿ.

ಸ್ವೀಡನ್‌ನಲ್ಲಿ 1965ರಿಂದ ಹತ್ತು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಮನೆ ಕಟ್ಟಿದ್ದರು. ಅವು ಹಳತಾಗಿ ರಿಪೇರಿಗೆ ಬಂದವು. 2011ರಲ್ಲಿ 'ಮಿನಾ ಕ್ವಾರ್ಟೆರ್' ಅನ್ನೋ ಯೋಜನೆಯವರು ಆ ಬಡಾವಣೆಗಳನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿಟ್ಟು, ಏನು ಬದಲಾಗಬೇಕು ನೀವೇ ತೋರಿಸಿ ಅಂತ ಅಲ್ಲಿ ವಾಸ ಮಾಡೋರಿಗೇ ಬಿಟ್ಟರು.

ಮರುವರ್ಷ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್, ಗೇಮ್ ತಯಾರಿಸಿದ ಮೊಜಾಂಗ್ ಜೊತೆ ಸೇರಿ 'ಬ್ಲಾಕ್ ಬೈ ಬ್ಲಾಕ್' ಶುರುಮಾಡಿತು. ಮೊದಮೊದಲ ಪ್ರಯೋಗಗಳಲ್ಲಿ ಒಂದು, ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿದ್ದ ಆಟದ ಮೈದಾನ. ಇಂಜಿನಿಯರ್ ಬರೆದ ನಕ್ಷೆ ನನ್ನಂಥ ಬಿಕಾಂ ಓದಿದವನಿಗೇ ಅರ್ಥ ಆಗಲ್ಲ. ಗೇಮ್‌ನಲ್ಲಿ ಹಾಗಲ್ಲ, ನೀವು ಬೀದಿಯಲ್ಲೇ ನಿಂತಿರ್ತೀರಿ. ಗೋಡೆ ಎಷ್ಟೆತ್ತರ, ಬೆಂಚು ಎಲ್ಲಿ, ಕಣ್ಣಿಗೇ ಕಾಣುತ್ತೆ. ಹಿರಿಯರ ಸಭೆಯಲ್ಲಿ ಬಾಯಿ ಬಿಡದ ಹುಡುಗರೂ ಇಲ್ಲಿ ಇಟ್ಟಿಗೆ ಇಟ್ಟು ವಾದ ಮಾಡಬಹುದು.

ಹಾಗಂತ ಗೇಮ್ ಆಡಿದರೆ ಪಾರ್ಕ್ ಆಗಲ್ಲ. ಸ್ಕ್ರೀನ್ ಮೇಲೆ ಗೋಡೆ ಒಡೆಯೋದಕ್ಕೆ ಕಾಸು ಬೇಡ, ನಿಜವಾದ ಗೋಡೆಗೆ ಬಜೆಟ್ ಬೇಕು, ಅದಕ್ಕೆ ಸಹಿ ಹಾಕೋರು ಬೇರೆ. ಆದರೆ ಯಾರು ಏನು ಕೇಳ್ತಾರೆ ಅನ್ನೋದು ಬದಲಾಯ್ತು. ವಿಯೆಟ್ನಾಂನ ಹನೋಯ್‌ನಲ್ಲಿ ಹದಿಹರೆಯದ ಹುಡುಗಿಯರು, ತಾವು ಹೆದರಿಕೆ ಇಲ್ಲದೆ ಓಡಾಡೋ ಜಾಗ ಹೇಗಿರಬೇಕು ಅಂತ ಮೈನ್‌ಕ್ರಾಫ್ಟ್‌ನಲ್ಲೇ ಕಟ್ಟಿ ತೋರಿಸಿದರು.