ಆಂಥೋಟೈಪ್

ಹೂವು, ಎಲೆ, ಹಣ್ಣುಗಳ ರಸ ಬಳಿದ ಕಾಗದದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸುವ ಮುದ್ರಣ ವಿಧಾನ. ರಸವನ್ನು ಸೋಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಎಲೆಯನ್ನೋ ಪಾರದರ್ಶಕ ಹಾಳೆಯ ಚಿತ್ರವನ್ನೋ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಇಡುತ್ತಾರೆ. ಬೆಳಕು ತಾಗಿದಲ್ಲಿ ಬಣ್ಣ ಮಾಸುತ್ತದೆ, ನೆರಳಿದ್ದಲ್ಲಿ ಉಳಿಯುತ್ತದೆ. ಬೆಳ್ಳಿಯ ಲವಣಗಳು ಇದಕ್ಕೆ ಬೇಕಿಲ್ಲ.

ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಒಬ್ಬರೇ ಇದನ್ನು ಕಂಡುಹಿಡಿದರೆಂದು ಅನೇಕ ಬರಹಗಳು ಹೇಳುತ್ತವೆ. ದಾಖಲೆಗಳು ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. 1816ರಲ್ಲೇ ಪ್ಯಾರಿಸ್‌ನಲ್ಲಿ ರಸಾಯನಶಾಸ್ತ್ರಜ್ಞ ಆಗಸ್ಟ್ ಫೋಗೆಲ್ ಹೂವಿನ ರಸಗಳನ್ನು ಬೆಳಕಿಗೆ ಇಟ್ಟು ನೋಡಿದ್ದರು. ನೀಲಿ ಗಾಜಿನ ಹಿಂದೆ ಕೆಲವೇ ದಿನಗಳಲ್ಲಿ ಬಿಳುಚಿದ ರಸ, ಕೆಂಪು ಗಾಜಿನ ಹಿಂದೆ ಬದಲಾಗದೆ ಉಳಿದಿತ್ತು. ಹರ್ಷೆಲ್ ಅವರ ಹೆಚ್ಚುಗಾರಿಕೆ ಬೇರೆಯದು. 1842ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹಲವಾರು ಹೂಗಳ ರಸವನ್ನು ಸೂರ್ಯನ ಬೆಳಕಿನ ಒಂದೊಂದು ಬಣ್ಣಕ್ಕೂ ಒಡ್ಡಿ ಪರೀಕ್ಷಿಸಿದರು. ಒಂದು ಬಣ್ಣವನ್ನು ಅಳಿಸುವುದು ಬಹುಪಾಲು ಅದಕ್ಕೆ ಪೂರಕವಾದ ಬಣ್ಣದ ಕಿರಣವೇ ಎಂದು ಅವರಿಗೆ ಕಂಡಿತು. ಅವರಿಗೆ ಬೇಕಿದ್ದುದು ವರ್ಣ ಛಾಯಾಚಿತ್ರ, ಅದು ಕೈಗೂಡಲಿಲ್ಲ. ಒಂದು ಪ್ರತಿಗೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತಿದ್ದವು. ಅದೇ ಪ್ರಬಂಧದಲ್ಲಿ ಬಂದ, ಕಬ್ಬಿಣದ ಲವಣ ಬಳಸುವ ಸಯನೋಟೈಪ್ ಬೇಗನೆ ಮುಂದೆ ಹೋಯಿತು.

ಹೆಚ್ಚು ಅನ್ಯಾಯವಾದದ್ದು ವಿಜ್ಞಾನಿ ಮೇರಿ ಸೊಮರ್‌ವಿಲ್ ಅವರಿಗೆ. ಸಸ್ಯರಸಗಳ ಮೇಲೆ ಸೂರ್ಯಕಿರಣಗಳ ಪರಿಣಾಮವನ್ನು ಅವರೂ ಪರೀಕ್ಷಿಸಿ, 1845ರಲ್ಲಿ ರೋಮ್‌ನಿಂದ ಹರ್ಷೆಲ್‌ಗೆ ಬರೆದರು. ರಾಯಲ್ ಸೊಸೈಟಿ ಮಹಿಳೆಯರನ್ನು ಸದಸ್ಯರಾಗಿ ಆರಿಸಿದ್ದು 1945ರಲ್ಲಿ; ಅದಕ್ಕೆ ಒಂದು ಶತಮಾನ ಮೊದಲಿನ ಸೊಮರ್‌ವಿಲ್ ಅವರ ಫಲಿತಾಂಶಗಳು ಸ್ವತಂತ್ರ ಪ್ರಬಂಧವಾಗದೆ, ಹರ್ಷೆಲ್‌ಗೆ ಬರೆದ ಪತ್ರದ ಆಯ್ದ ಭಾಗವಾಗಿ 1846ರಲ್ಲಿ ಅಚ್ಚಾದವು. ಆಂಥೋಟೈಪಿನ ಚರಿತ್ರೆಯಲ್ಲಿ ಆ ಪತ್ರಕ್ಕೆ ಹರ್ಷೆಲ್ ಪ್ರಬಂಧದ ಪಕ್ಕದಲ್ಲೇ ಜಾಗ ಸಲ್ಲಬೇಕು.

ಆಮೇಲೆ ಬೆಳ್ಳಿಯ ಛಾಯಾಚಿತ್ರಣ ಬೆಳೆದಂತೆ ಈ ವಿಧಾನ ಮರೆಗೆ ಸರಿಯಿತು. ಹಳೆಯ ಮುದ್ರಣ ವಿಧಾನಗಳ ಮೇಲೆ ಕಲಾವಿದರಿಗೆ ಮತ್ತೆ ಒಲವು ಹುಟ್ಟಿದಾಗ ಇದೂ ಮರಳಿತು. ಪಾಲಕ್, ಬೀಟ್‌ರೂಟ್, ಅರಿಸಿನ ಈಗ ಹೆಚ್ಚು ಬಳಕೆಯಲ್ಲಿವೆ. ಅರಿಸಿನದ ಹಾಳೆಯನ್ನು ಬೊರಾಕ್ಸ್ ನೀರಿನಲ್ಲಿ ಅದ್ದಿದರೆ ಹಳದಿ ಕೆಂಪುಗಂದಾಗುತ್ತದೆ. ವಿಯೆಟ್ನಾಂನಲ್ಲಿ ಹುಟ್ಟಿದ ಅಮೆರಿಕದ ಕಲಾವಿದ ಬಿನ್ ಡಾನ್ ರಸ ಹಿಂಡದೆ, ಎಲೆಯ ಮೇಲೆಯೇ ಯುದ್ಧದಲ್ಲಿ ಸಿಲುಕಿದವರ ಮುಖಗಳನ್ನು ಬಿಸಿಲಿನಿಂದ ಮೂಡಿಸಿ, ಆ ಎಲೆಗಳನ್ನು ರೆಸಿನ್‌ನಲ್ಲಿ ಭದ್ರಪಡಿಸಿದ್ದಾರೆ.

ಬೆಳ್ಳಿಯ ಚಿತ್ರಗಳನ್ನು ಸ್ಥಿರಗೊಳಿಸಲು ಹೈಪೊ ಎಂಬ ರಾಸಾಯನಿಕ ಇರುವಂತೆ, ಕಾಗದದ ಆಂಥೋಟೈಪನ್ನು ಬೆಳಕಿಗೆ ಮಾಸದಂತೆ ಪೂರ್ತಿ ಸ್ಥಿರಗೊಳಿಸುವ ದ್ರಾವಣ ಬಳಕೆಗೆ ಬಂದಿಲ್ಲ. ಆದ್ದರಿಂದ ಇಂಥ ಪ್ರತಿಗಳನ್ನು ಕತ್ತಲಲ್ಲಿಯೇ ಕಾಪಾಡಬೇಕಾಗುತ್ತದೆ.