ಕೀಕ್ಯಾಡ್ ತಂತ್ರಾಂಶ ಮತ್ತು ಕಲಿಕೆಯ ಕ್ಲೇಶ

ವಿದ್ಯುನ್ಮಂಡಲಗಳನ್ನು ರಚಿಸಲು ಬಳಸುವ ಮುಕ್ತ ತಂತ್ರಾಂಶವಾದ ಕೀಕ್ಯಾಡ್ ಕಲಿಯಲು ಕ್ಲಿಷ್ಟವೆಂಬ ಮಾತು ಬಹುಕಾಲ ರೂಢಿಯಲ್ಲಿತ್ತು. ಇದಕ್ಕೆ ಕಾರಣ ಕಲಿಯುವವರ ಮಾಂದ್ಯವಲ್ಲ, ಆ ಸಾಧನದ ಚರಿತ್ರೆಯೇ ಎಂದು ನಾವು ಭಾವಿಸುತ್ತೇವೆ. 1992ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಶರಾಸ್ ಅವರು ಆರಂಭಿಸಿದ ಈ ಕಾರ್ಯವು ಹಲವು ಬಿಡಿ ತಂತ್ರಾಂಶಗಳ ಸಮೂಹವಾಗಿ ಬೆಳೆಯಿತು. ನಕ್ಷೆಯನ್ನು ಬರೆಯುವುದು ಒಂದರಲ್ಲಿ, ಫಲಕವನ್ನು ರೂಪಿಸುವುದು ಇನ್ನೊಂದರಲ್ಲಿ. ನಡುವೆ ನೆಟ್‌ಲಿಸ್ಟ್ ಎಂಬ ಸಂಪರ್ಕಪಟ್ಟಿಯನ್ನು ಬಳಕೆದಾರರೇ ಸಿದ್ಧಪಡಿಸಿ ಒಯ್ಯಬೇಕಾಗಿದ್ದಿತು. 2018ರ ಐದನೆಯ ಆವೃತ್ತಿಯು ನಕ್ಷೆಯಿಂದ ಫಲಕವನ್ನು ನೇರವಾಗಿ ತಿದ್ದುವ ಅನುಕೂಲವನ್ನು ಒದಗಿಸಿತು. 2021ರ ಆರನೆಯ ಆವೃತ್ತಿಯಲ್ಲಿ ಎರಡೂ ಕಡೆ ವಸ್ತುವನ್ನು ಆರಿಸುವ ಕ್ರಮ ಏಕರೂಪವಾಯಿತು. ಹೊಸಬರ ಶ್ರಮ ತಗ್ಗಿತು. ಹಳಬರು ಮಾತ್ರ ಕೈಗೆ ಹತ್ತಿದ ಅಭ್ಯಾಸವನ್ನು ಬಿಡಬೇಕಾಯಿತು. ಬೆಲೆಯಿಲ್ಲದೆ ದೊರೆಯುವ ಸಾಧನವೂ ಕಲಿಯಲು ದುರ್ಗಮವಾದರೆ ಎಲ್ಲರ ಸೊತ್ತಾಗದೆಂಬುದನ್ನು ಈ ಚರಿತ್ರೆಯಿಂದ ನಾವು ಗ್ರಹಿಸಬಹುದು.