ತೆನೆಗೊಂದು ದಿನ: ಕ್ರೈಸ್ತ ಆರಾಧನಾ ವರ್ಷದಲ್ಲಿ ಕೃತಜ್ಞತೆಯ ಚರಿತ್ರೆ

ಸೌತೆಕಾಯಿಗೆ ಆಶೀರ್ವಾದವಿಲ್ಲ. 'ಅಪೊಸ್ತಲರ ಸಂಪ್ರದಾಯ' ಎಂದು ಹೆಸರಾದ ಪ್ರಾಚೀನ ಕೈಪಿಡಿಯೊಂದರ ಕಟ್ಟಳೆ ಇದು. ಬೆಳೆದವರು ಸಭೆಗೆ ತರುವ ಮೊದಲ ಫಲಗಳಲ್ಲಿ ಯಾವುದನ್ನು ಹರಸಬಹುದು, ಯಾವುದನ್ನು ಹರಸಬಾರದು ಎಂದು ಅದು ಪಟ್ಟಿ ಕೊಡುತ್ತದೆ. ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಬಾದಾಮಿ ಮೊದಲಾದವು ಒಳಗೆ. ಸೌತೆ, ಈರುಳ್ಳಿ, ಬೆಳ್ಳುಳ್ಳಿ ಹೊರಗೆ. ಹೂಗಳಲ್ಲಿ ಗುಲಾಬಿಗೂ ಲಿಲ್ಲಿಗೂ ಮಾತ್ರ ಪ್ರವೇಶ. ಒಂದು ಕಾಲಕ್ಕೆ ಈ ಕೃತಿ 3ನೇ ಶತಮಾನದ ರೋಮಿನ ಹಿಪ್ಪೊಲಿಟಸನದೆಂದೇ ನಂಬಿದ್ದರು. ಒಬ್ಬನ ಬರಹವಲ್ಲ, ಹಲವು ತಲೆಮಾರುಗಳು ಪದರುಪದರಾಗಿ ಸೇರಿಸಿದ್ದು ಎಂಬುದು ಈಗ ಅನೇಕ ವಿದ್ವಾಂಸರ ನಿಲುವು. ಗ್ರೀಕ್ ಮೂಲ ಪೂರ್ತಿಯಾಗಿ ಉಳಿದಿಲ್ಲ. ಲ್ಯಾಟಿನ್, ಕಾಪ್ಟಿಕ್, ಇಥಿಯೋಪಿಕ್ ಅನುವಾದಗಳಿಂದ ಪಾಠವನ್ನು ಹೊಂದಿಸಿಕೊಳ್ಳಬೇಕು.

ಈ ಪಟ್ಟಿಯನ್ನು ಓದಿ ನಕ್ಕುಬಿಡುವುದು ಸುಲಭ. ಆದರೆ ಕೃತಜ್ಞತೆಯ ಚರಿತ್ರೆ ಬರೆಯಹೊರಟವರಿಗೆ ಅದು ಒಂದು ಮುಖ್ಯ ಸುಳಿವು. ದೇವರಿಗೆ ಉಪಕಾರ ಸಲ್ಲಿಸುವುದನ್ನು ಆದಿ ಕ್ರೈಸ್ತ ಸಭೆ ಭಕ್ತನ ಮನಸ್ಸಿನ ಏರಿಳಿತಕ್ಕೆ ಬಿಟ್ಟಿರಲಿಲ್ಲ. ಯಾವ ಹಣ್ಣು, ಯಾವ ದಿನ, ಯಾರ ಕೈಯಿಂದ ಎಂದು ಗೊತ್ತುಮಾಡಿತ್ತು. ವರ್ಷವಿಡೀ ಕೃತಜ್ಞನಾಗಿರು ಎಂದು ಬೋಧಿಸುವುದು ಒಂದು; ಅದಕ್ಕೆ ಪಂಚಾಂಗ ಕಟ್ಟಿಕೊಡುವುದು ಇನ್ನೊಂದು. ಬೋಧನೆಯ ಚರಿತ್ರೆ ಬೇಕಾದಷ್ಟಿದೆ. ಇಲ್ಲಿ ನೋಡುವುದು ಪಂಚಾಂಗದ ಚರಿತ್ರೆಯನ್ನು, ಅದರಲ್ಲೂ ಅದು ಕರಾವಳಿಯ ಗದ್ದೆಗೆ ಇಳಿದ ಬಗೆಯನ್ನು.

ಮೊದಲು ಒಂದು ಪದದ ವಿಚಾರ. ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು ಗ್ರೀಕರು 'ಯೂಖರಿಸ್ತಿಯ' ಎಂದರು. ಅದರ ನೇರ ಅರ್ಥ ಉಪಕಾರ ಸ್ಮರಣೆ. 1873ರಲ್ಲಿ ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ಧರ್ಮಗುರು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪತ್ತೆಹಚ್ಚಿ 1883ರಲ್ಲಿ ಪ್ರಕಟಿಸಿದ 'ದಿದಖೆ' ಎಂಬ ಆದಿ ಸಭೆಯ ಕೈಪಿಡಿಯಲ್ಲಿ ಈ ಊಟದ ಪ್ರಾರ್ಥನೆಗಳಿವೆ. ಅವೆಲ್ಲ ಯೆಹೂದ್ಯರ ಊಟದ ಮನೆಯ ಸ್ತುತಿಗಳ ಜಾಡಿನಲ್ಲೇ ಸಾಗುವ ವಂದನೆಗಳು. ಕನ್ನಡಕ್ಕೆ ಬಂದಾಗ ಈ ಪದ ಬೇರೆಯೇ ದಾರಿ ಹಿಡಿಯಿತು. ಕಥೋಲಿಕರು 'ಪರಮಪ್ರಸಾದ' ಎಂದರು, ಪ್ರೊಟೆಸ್ಟೆಂಟರು 'ಕರ್ತನ ಭೋಜನ' ಎಂದರು. ಎರಡೂ ಸೊಗಸಾದ ಪದಗಳೇ. ಆದರೆ ಗ್ರೀಕ್ ಪದ ಮನುಷ್ಯ ಕೊಡುವುದನ್ನು ಹೆಸರಿಸಿದರೆ, ಪ್ರಸಾದವೆಂಬ ಪದ ಅವನು ಪಡೆಯುವುದನ್ನು ಹೆಸರಿಸುತ್ತದೆ. ವಂದನೆಯ ಅರ್ಥ ಪೂರ್ತಿ ಕಳೆದುಹೋಯಿತೆನ್ನುವಂತಿಲ್ಲ. ಕನ್ನಡ ಬೈಬಲಿನಲ್ಲಿ ಅದು 'ಸ್ತೋತ್ರ' ಎಂಬ ಪದದೊಳಗೆ ಹೋಗಿ ಕುಳಿತಿದೆ. ಸಂಸ್ಕೃತದಲ್ಲಿ ಹೊಗಳಿಕೆಯಾಗಿದ್ದ ಸ್ತೋತ್ರ ಕನ್ನಡ ಕ್ರೈಸ್ತರ ಬಾಯಲ್ಲಿ ಉಪಕಾರ ಸ್ಮರಣೆಯಾಯಿತು. ಮಂಗಳೂರಿನ ಕೊಂಕಣಿ ಕಥೋಲಿಕರು ಕೃತಜ್ಞತೆ ಹೇಳುವ ರೀತಿ ಇನ್ನೂ ಕುತೂಹಲದ್ದು: 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ. ನನಗೆ ಉಪಕಾರ ಮಾಡಿದವನ ಋಣವನ್ನು ದೇವರ ಲೆಕ್ಕಕ್ಕೆ ವರ್ಗಾಯಿಸುವ ಮಾತು ಅದು.

'ದಿದಖೆ' ಪ್ರಾರ್ಥನೆ ಕೊಟ್ಟು ಸುಮ್ಮನಾಗುವುದಿಲ್ಲ. ದಿನಕ್ಕೆ ಮೂರು ಸಲ ಪ್ರಾರ್ಥನೆ, ಬುಧವಾರ ಶುಕ್ರವಾರ ಉಪವಾಸ, ಭಾನುವಾರ ಕೂಟ, ಕಣದ ಮತ್ತು ದ್ರಾಕ್ಷಿಯ ಆಲೆಯ ಮೊದಲ ಪಾಲು ಪ್ರವಾದಿಗಳಿಗೆ, ಪ್ರವಾದಿ ಇಲ್ಲದ ಊರಲ್ಲಿ ಬಡವರಿಗೆ. ದಿನ ಮತ್ತು ವಾರದ ಲಯ ಇಲ್ಲೇ ಸಿದ್ಧವಾಗಿದೆ. ವರ್ಷದ ಲಯ ಕೂಡಿಬರಲು ಇನ್ನೂ ಎರಡು ಮೂರು ಶತಮಾನ ಹಿಡಿಯಿತು. ಈಸ್ಟರಿನ ದಿನದ ಜಗಳವನ್ನು 325ರ ನೈಸಿಯ ಸಭೆ ಕೈಗೆತ್ತಿಕೊಂಡಿತು. ಡಿಸೆಂಬರ್ 25ರ ಕ್ರಿಸ್ತಜಯಂತಿ 354ರ ರೋಮಿನ ಪಂಚಾಂಗವೊಂದರಲ್ಲಿ ಕಾಣುತ್ತದೆ. 380ರ ದಶಕದಲ್ಲಿ ಜೆರೂಸಲೇಮಿಗೆ ಯಾತ್ರೆ ಹೋದ ಎಗೇರಿಯ ಎಂಬ ಹೆಂಗಸು ಅಲ್ಲಿನ ವರ್ಷದ ಆರಾಧನೆಯನ್ನು ಊರಿನ ತನ್ನ ಸಹೋದರಿಯರಿಗೆ ಬರೆದು ತಿಳಿಸಿದಳು. ಹಾಡು, ಪಠಣ ಎಲ್ಲವೂ ಆ ದಿನಕ್ಕೂ ಆ ಸ್ಥಳಕ್ಕೂ ಒಪ್ಪುವಂತಿದ್ದವು ಎಂದು ಅವಳು ಮತ್ತೆಮತ್ತೆ ಬೆರಗುಪಡುತ್ತಾಳೆ. ದಿನ, ಸ್ಥಳ: ಈ ಜೋಡಿಯನ್ನು ನೆನಪಿಟ್ಟುಕೊಳ್ಳೋಣ.

ರೋಮಿನವರು ಇದಕ್ಕೆ ಮೂರನೆಯದನ್ನು ಸೇರಿಸಿದರು: ಬೆಳೆ. ವರ್ಷಕ್ಕೆ ನಾಲ್ಕು ಸಲ, ಋತುವಿಗೊಮ್ಮೆ, ಬುಧವಾರ, ಶುಕ್ರವಾರ ಮತ್ತು ಶನಿವಾರ ಉಪವಾಸ. 440ರಿಂದ 461ರವರೆಗೆ ಪೋಪ್ ಆಗಿದ್ದ ಮೊದಲ ಲಿಯೊ ಡಿಸೆಂಬರಿನ ಉಪವಾಸದ ಬಗ್ಗೆ ಮಾಡಿದ ಬೋಧನೆಗಳು ಉಳಿದುಬಂದಿವೆ. ಫಸಲೆಲ್ಲ ಮನೆ ಸೇರಿದ ಮೇಲೆ ಉಪವಾಸ ಮಾಡಿ ದೇವರಿಗೆ ಉಪಕಾರ ಸಲ್ಲಿಸಬೇಕು, ಉಳಿಸಿದ್ದು ಬಡವರಿಗೆ ಹೋಗಬೇಕು ಎಂಬುದು ಅವನ ಧಾಟಿ. ಕಣಜ ತುಂಬಿದಾಗ ಹಬ್ಬದೂಟ ಹಾಕುವುದು ಎಲ್ಲ ನಾಡಿನಲ್ಲೂ ಇದೆ. ಕಣಜ ತುಂಬಿತೆಂದು ಊಟ ಬಿಡುವುದು ಅಪರೂಪ. ನನ್ನ ಮಟ್ಟಿಗೆ ಪಾಶ್ಚಾತ್ಯ ಕ್ರೈಸ್ತ ವರ್ಷದ ಅತಿ ಸ್ವಂತದ ಕಾಣಿಕೆ ಇದೇ. 1969ರ ಪಂಚಾಂಗ ಸುಧಾರಣೆ ಈ ದಿನಗಳ ನಿರ್ಧಾರವನ್ನು ಆಯಾ ದೇಶದ ಬಿಷಪರಿಗೆ ಬಿಟ್ಟುಕೊಟ್ಟಿತು. ಬಹಳ ಕಡೆ ಅವು ಸದ್ದಿಲ್ಲದೆ ಮರೆಯಾದವು.

ಸುಧಾರಣಾ ಚಳವಳಿ ಬಂದು ಈ ಪಂಚಾಂಗವನ್ನೇ ಪ್ರಶ್ನಿಸಿತು. ಲೂಥರನ ಕಡೆಯವರು ಮುಖ್ಯ ಹಬ್ಬಗಳನ್ನು ಉಳಿಸಿಕೊಂಡರೆ, ಜಿನೀವಾ ನಗರ 1550ರಲ್ಲಿ ಭಾನುವಾರವೊಂದನ್ನು ಬಿಟ್ಟು ಉಳಿದ ಹಬ್ಬಗಳನ್ನೆಲ್ಲ ತೆಗೆದುಹಾಕಿತು. ಇಂಗ್ಲೆಂಡಿನ ಪ್ಯೂರಿಟನ್ನರು 1645ರ ಆರಾಧನಾ ನಿರ್ದೇಶಿಕೆಯಲ್ಲಿ ಅದೇ ದಾರಿ ಹಿಡಿದರು. ಗೊತ್ತಾದ ಹಬ್ಬ ಬೇಡ. ದೇವರು ಕೃಪೆ ತೋರಿದಾಗ ವಂದನೆಯ ದಿನ, ಕೋಪ ತೋರಿದಾಗ ಉಪವಾಸದ ದಿನ. ತರ್ಕ ಗಟ್ಟಿಯಾಗಿದೆ: ಉಪಕಾರವೇ ಆಗದೆ ಉಪಕಾರ ಸ್ಮರಣೆ ಎಲ್ಲಿಯದು? ಆದರೆ ಆ ತರ್ಕ ಬದುಕಿನಲ್ಲಿ ನಿಲ್ಲಲಿಲ್ಲ. ಅದೇ ಪ್ಯೂರಿಟನ್ ಬೇರಿನಿಂದ ಚಿಗುರಿದ ಅಮೆರಿಕದ ವಂದನೆಯ ದಿನವನ್ನು ಲಿಂಕನ್ 1863ರಲ್ಲಿ ನವೆಂಬರಿನ ಕೊನೆಯ ಗುರುವಾರಕ್ಕೆ ಸಾರಿದ. 1941ರಲ್ಲಿ ಕಾಯ್ದೆಯೇ ಬಂದು ಅದನ್ನು ನಾಲ್ಕನೆಯ ಗುರುವಾರಕ್ಕೆ ಕಟ್ಟಿಹಾಕಿತು. ಪಂಚಾಂಗವನ್ನು ಮುಂಬಾಗಿಲಿನಿಂದ ಹೊರಗೆ ಹಾಕಿದವರ ಮನೆಗೆ ಅದು ಹಿತ್ತಿಲ ಬಾಗಿಲಿನಿಂದ ಬಂದು ಕೂತಿತು.

ಇನ್ನು ನಮ್ಮ ಕರಾವಳಿ. ಪೋರ್ಚುಗೀಸರು ಗೋವಾಕ್ಕೆ ತಂದದ್ದು ಮೆಡಿಟರೇನಿಯನ್ ಹವೆಯಲ್ಲಿ ಹುಟ್ಟಿದ ಪಂಚಾಂಗ. ಗೋಧಿ, ದ್ರಾಕ್ಷಿ, ಆಲಿವ್‌ಗಳ ಲೆಕ್ಕದ ವರ್ಷ. ಇಲ್ಲಿ ಮಳೆಗಾಲ, ಭತ್ತ. ಎರಡೂ ಹೊಂದುವುದು ಹೇಗೆ? ಜನ ಕಂಡುಕೊಂಡ ದಾರಿ ಸರಳವಾಗಿತ್ತು: ತೆನೆ ಹೊರಡುವ ಹೊತ್ತಿಗೆ ಹತ್ತಿರವಿರುವ ಮಾತೆಯ ಹಬ್ಬವನ್ನು ಹಿಡಿದುಕೊಳ್ಳುವುದು. ಗೋವಾದ ರಾಯ್ ಗ್ರಾಮದಲ್ಲಿ ಹೊಸ ತೆನೆಯ ಹಬ್ಬ ಆಗಸ್ಟ್ 5ಕ್ಕೆ ಬರುತ್ತದೆ. ರೋಮಿನ ಪಂಚಾಂಗದಲ್ಲಿ ಅದು ಹಿಮದ ಮಾತೆಯ ದಿನ. ಜಡಿಮಳೆಯ ನಡುವೆ ಹಿಮದ ಮಾತೆಗೆ ಹಸಿರು ತೆನೆ!

ಮಂಗಳೂರಿನವರು ಹಿಡಿದದ್ದು ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವಾ ಮೂಲದ ಫಾದರ್ ಜೋಕಿಂ ಮಿರಾಂದಾ ಅವರು 1763ರಲ್ಲಿ ಇದನ್ನು ಆರಂಭಿಸಿದರೆಂದು ಸಮುದಾಯ ಹೇಳಿಕೊಂಡು ಬಂದಿದೆ. 'ಮೊಂತೆ' ಎಂದರೆ ಬೆಟ್ಟ. 'ಮೊಂತಿ ಫೆಸ್ತ್' ಎಂಬ ಹೆಸರು ಆ ಚರ್ಚಿನದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಎರಚುತ್ತಾರೆ. ಗುಲಾಬಿ, ಲಿಲ್ಲಿ ಎಂದು ಇಲ್ಲಿ ಯಾರೂ ವಿಂಗಡಿಸುವುದಿಲ್ಲ. ಬೇಲಿಯ ಹೂವೂ ನಡೆಯುತ್ತದೆ. ಹಬ್ಬದ ದಿನ ತೆನೆಯನ್ನು ಹರಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಹೊಸ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಕೊಂಕಣಿಯಲ್ಲಿ ಇದು 'ನೊವೆಂ', ಅಂದರೆ ಹೊಸತು. ಮೀನು ಮಾಂಸವಿಲ್ಲದೆ ಹಬ್ಬವೇ ಇಲ್ಲವೆನ್ನುವ ಮನೆಗಳಲ್ಲೂ ಅಂದು ತರಕಾರಿ ಮಾತ್ರ, ಅದೂ ಬೆಸ ಸಂಖ್ಯೆಯಲ್ಲಿ. ಲಿಯೊನ ಉಪವಾಸದ ದೂರದ ನೆಂಟನಂತೆ ಇದು ನನಗೆ ಕಾಣುತ್ತದೆ. ಆದರೆ ನೇರ ರಕ್ತಸಂಬಂಧ ಇರುವುದು ನೆರೆಮನೆಯವರೊಂದಿಗೆ. ತುಳುವರ ಪುದ್ವಾರ್, ಕನ್ನಡಿಗರ ಹೊಸ್ತು, ಕೊಡವರ ಪುತ್ತರಿ ಇವೆಲ್ಲ ಹೊಸ ಅಕ್ಕಿಯನ್ನು ದೈವಕ್ಕೆ ತೋರಿಸದೆ ಉಣ್ಣಬಾರದೆಂಬ ಒಂದೇ ಒಪ್ಪಂದದ ರೂಪಗಳು.

ಗೋವಾದ ಇನ್‌ಕ್ವಿಜಿಷನ್ 1736ರಲ್ಲಿ ಹೊರಡಿಸಿದ ಆಜ್ಞೆ ಮದುವೆಯ ಹಾಡು, ಅಂಗಳದ ತುಳಸಿ ಸೇರಿದಂತೆ ಮತಾಂತರಗೊಂಡವರ ಹಳೆಯ ರೂಢಿಗಳನ್ನು ಹುಡುಕಿ ಹುಡುಕಿ ನಿಷೇಧಿಸಿತ್ತು. ಅಂಥ ಕಾಲದಲ್ಲೂ ಹೊಸ ಅಕ್ಕಿಯ ಊಟ ಚರ್ಚಿನ ನಡುಮಂಟಪಕ್ಕೆ ಬಂದು ನಿಂತಿತೆಂಬುದು ಯೋಚಿಸಬೇಕಾದ ಸಂಗತಿ. ಮೊದಲ ಫಲ ಅರ್ಪಿಸುವ ವಿಧಿ ಬೈಬಲಿನ ಧರ್ಮೋಪದೇಶಕಾಂಡದಲ್ಲೇ ಇದೆ. ಪಾದ್ರಿಗಳಿಗೆ ಅದು ಪರದೇಶದ ಪದ್ಧತಿಯೆಂದು ತೋರಿರಲಿಕ್ಕಿಲ್ಲ. 1784ರಲ್ಲಿ ಟಿಪ್ಪು ಮಂಗಳೂರಿನ ಈ ಕಥೋಲಿಕ ಸಮುದಾಯವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಗದ್ದೆ, ಚರ್ಚು ಎರಡನ್ನೂ ಕಳೆದುಕೊಂಡು ಬಂದವರ ನಡುವೆ ತೆನೆಯ ಹಬ್ಬ ಮತ್ತೆ ಬೇರು ಬಿಟ್ಟಿತು.

ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್ನಿನವರದು ಬೇರೆ ಜಾತಕ. ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಿಂದಿದ್ದದ್ದು ವುರ್ಟೆಂಬರ್ಗಿನ ಪಯಟಿಸ್ಟ್ ಭಕ್ತಿ: ಹೊರಗಿನ ಆಚಾರಕ್ಕಿಂತ ಹೃದಯದ ಪರಿವರ್ತನೆ ದೊಡ್ಡದು. ಇಂಥವರಿಗೆ ದಿನ ತಿಥಿಗಳ ಹಂಗೇಕೆ ಎನ್ನಬಹುದು. ಆದರೆ ಪಯಟಿಸ್ಟರ ಬಳಗದ ಹೆರ್ನ್‌ಹುಟ್ ಎಂಬ ಊರಿನಲ್ಲಿ ಅಲ್ಲಿನ ಮುಂದಾಳು ಜಿನ್ಜೆನ್‌ಡಾರ್ಫ್ 1728ರಿಂದ ದಿನಕ್ಕೊಂದು ವಚನ ಕೊಡುತ್ತ ಬಂದು, 1731ರಿಂದ ಅದನ್ನು ವರ್ಷದ ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ಹೃದಯವನ್ನೇ ನೆಚ್ಚಿದವರಿಗೂ ಹೃದಯಕ್ಕೊಂದು ದಿನಚರಿ ಬೇಕಾಯಿತು.

ಸುಗ್ಗಿ ಹಬ್ಬವೂ ಹಾಗೆಯೇ. ಪ್ರಷ್ಯದಲ್ಲಿ 1773ರಲ್ಲಿ ಅದನ್ನು ಸೆಪ್ಟೆಂಬರ್ 29ರ ಮಿಕಾಯೇಲನ ಹಬ್ಬದ ಮುಂದಿನ ಭಾನುವಾರಕ್ಕೆ ನಿಗದಿಪಡಿಸಿದ್ದರು. ಇಂಗ್ಲೆಂಡಿನಲ್ಲಿ ಅದರ ಆಧುನಿಕ ರೂಪಕ್ಕೆ ಕಾರಣನಾದವನು ಕಾರ್ನ್‌ವಾಲಿನ ಮೋರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್, ವರ್ಷ 1843. ಈ ಎರಡೂ ಧಾರೆಗಳ ಸಭೆಗಳನ್ನು ಒಳಗೊಂಡು 1947ರ ಸೆಪ್ಟೆಂಬರ್ 27ರಂದು ಹುಟ್ಟಿ ಬೆಳೆದ ದಕ್ಷಿಣ ಭಾರತ ಸಭೆಯಲ್ಲಿ ಸುಗ್ಗಿ ಹಬ್ಬ ವರ್ಷದ ದೊಡ್ಡ ದಿನಗಳಲ್ಲೊಂದು. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಏಲಂ: ಬಾಳೆಗೊನೆ, ತೆಂಗಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ. ಪೇಟೆಯ ಬೆಲೆಗೂ ಇಲ್ಲಿನ ಕೂಗಿಗೂ ತಾಳೆಯಿರುವುದಿಲ್ಲ, ಇರಬಾರದು ಕೂಡ. ಕೂಗಿ ಕೊಂಡವನು ಅದನ್ನೇ ಮತ್ತೆ ಏಲಂಗೆ ಬಿಡುವುದೂ ಉಂಟು.

ಇಲ್ಲೊಂದು ವಿಚಿತ್ರವಿದೆ. ಮತಾಂತರವಾದ ಮೇಲೆ ಒಕ್ಕಲು, ಕಸುಬು ಕಳೆದುಕೊಂಡವರಿಗೆ ಜೀವನೋಪಾಯ ಬೇಕೆಂದೇ ಮಿಷನ್ ನೇಯ್ಗೆ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಗದ್ದೆಯಿಂದ ದೂರವಾಗಿ ತಿಂಗಳ ಸಂಬಳಕ್ಕೆ ಬಂದ ಇಂಥ ಜನಕ್ಕೆ ಸುಗ್ಗಿಯೆಂದರೇನು? ಏಲಂ ಇದಕ್ಕೊಂದು ಉತ್ತರವೆಂದು ನನ್ನ ಊಹೆ: ಸಂಬಳವನ್ನು ಫಲವಾಗಿ, ಫಲವನ್ನು ಕಾಣಿಕೆಯಾಗಿ ಬದಲಿಸುವ ಉಪಾಯ ಅದು.

ಎರಡು ಹಬ್ಬಗಳ ನಡುವಿನ ವ್ಯತ್ಯಾಸ ಗದ್ದೆಯ ಭಾಷೆಯಲ್ಲೇ ಸ್ಪಷ್ಟವಾಗುತ್ತದೆ. ತುಳುನಾಡಿನ ರೈತನಿಗೆ ಮಳೆಗಾಲದ ಮೊದಲ ಬೆಳೆ ಏಣೇಲು, ಎರಡನೆಯದು ಸುಗ್ಗಿ, ಮೂರನೆಯದು ಕೊಳಕೆ. ಸೆಪ್ಟೆಂಬರ್ 8ಕ್ಕೆ ಏಣೇಲು ಇನ್ನೂ ಗದ್ದೆಯಲ್ಲೇ ಇರುತ್ತದೆ. ಮುಂದೆ ಮಳೆ ಕೆಡಿಸಬಹುದು, ಹುಳ ಬೀಳಬಹುದು, ಕೊಯ್ಲಿನ ಹೊತ್ತಿಗೆ ಪೈರು ಮಲಗಿಬಿಡಬಹುದು. ಮೊಂತಿ ಫೆಸ್ತಿನ ವಂದನೆ ಕೈಸೇರದ ಬೆಳೆಗೆ ಸಲ್ಲುವಂಥದ್ದು. ಸುಗ್ಗಿ ಹಬ್ಬದ್ದು ಕೈಸೇರಿದ್ದಕ್ಕೆ. ಪ್ಯೂರಿಟನ್ನರ ತರ್ಕಕ್ಕೆ ಎರಡನೆಯದು ಒಪ್ಪುತ್ತದೆ, ಮೊದಲನೆಯದು ಒಪ್ಪುವುದೇ ಇಲ್ಲ. ಕೃತಜ್ಞ ಎಂಬ ಪದವೂ ಆದದ್ದನ್ನು ಬಲ್ಲವನು ಎನ್ನುತ್ತದೆಯೇ ಹೊರತು ಆಗಲಿರುವುದನ್ನಲ್ಲ. ತೆನೆಯ ಹಬ್ಬಕ್ಕೆ ಸರಿಹೊಂದುವ ಪದ ನಮ್ಮ ನಿಘಂಟಿನಲ್ಲಿ ನನಗಿನ್ನೂ ಸಿಕ್ಕಿಲ್ಲ.

ಈಗ ಮಂಗಳೂರಿನ ಸುತ್ತ ಭತ್ತದ ಗದ್ದೆಗಳು ಕರಗಿ ಅಡಿಕೆ ತೋಟ, ಮನೆ, ಮಳಿಗೆ ಎದ್ದಿವೆ. ಹಬ್ಬಕ್ಕೆ ಸಾವಿರಾರು ಮನೆಗಳಿಗೆ ತೆನೆ ಬೇಕು, ಚೌತಿಗೆ ಕದಿರು ಕಟ್ಟುವವರಿಗೂ ಬೇಕು. ಹಾಗಾಗಿ ಆ ದಿನದ ಲೆಕ್ಕ ಹಿಡಿದೇ ತುಸು ಮುಂಚಿತವಾಗಿ ನೇಜಿ ಹಾಕುವವರಿದ್ದಾರೆ. ಗೋಣಿಚೀಲದಲ್ಲೋ ತಾರಸಿಯ ಮೇಲಿನ ತೊಟ್ಟಿಯಲ್ಲೋ ನಾಲ್ಕು ಹಿಡಿ ಪೈರು ಬೆಳೆಸುವವರೂ ಇದ್ದಾರೆ. ಹರಸಿದ ತೆನೆಯ ಒಂದೆರಡು ಕಾಳು ಲಕೋಟೆಯಲ್ಲಿ ಕೊಲ್ಲಿಯ ಊರುಗಳಿಗೆ ಹೋಗುತ್ತದೆ. ಅಲ್ಲಿ ಅದನ್ನು ಪುಡಿಮಾಡಿ ಹಾಲಿಗೆ ಹಾಕಿ, ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಇದ್ದವರಲ್ಲೇ ದೊಡ್ಡವರು ಪ್ರಾರ್ಥನೆ ಹೇಳಿ ಹಂಚುತ್ತಾರೆ. ತರಕಾರಿ ಬೆಸ ಸಂಖ್ಯೆಗೆ ಒಂದು ಕಡಿಮೆಬಿದ್ದರೆ ಸೌತೆಕಾಯಿ ಹೆಚ್ಚಿ ಎಲೆಯ ತುದಿಗಿಡುತ್ತಾರೆ.